ವಿಕಿರಣ ಚಿಕಿತ್ಸೆಯೂ ಕರುಳಿನ ರಕ್ತನಾಳಗಳೂ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಕಂಗೆಡುವುದು ಇಂದಿಗೂ ತಪ್ಪಿಲ್ಲ. ಆದರೆ ಆ ಹೆಸರನ್ನು ಕೇಳಿಯೂ ಧೈರ್ಯಗೆಡದೆ ಚಿಕಿತ್ಸೆ ಮುಗಿಸಿ, ಊರಿಗೆ ಮರಳಿ, ಹೊಲ ತೋಟ ನೋಡಿಕೊಂಡು ಮೊಮ್ಮಕ್ಕಳನ್ನು ಆಡಿಸುತ್ತಿರುವ ತಾಯಂದಿರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳಲ್ಲಿ ಈಗ ಅಪರೂಪವೇನಲ್ಲ. ಇವರಲ್ಲಿ ಅನೇಕರು ಗರ್ಭಕೋಶದ ಕೊರಳಿಗೆ, ಅಂದರೆ ಗರ್ಭಕಂಠಕ್ಕೆ ಬರುವ ಕ್ಯಾನ್ಸರಿಗಾಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿಯೋ, ದಾವಣಗೆರೆ, ಮಣಿಪಾಲ, ಹುಬ್ಬಳ್ಳಿಗಳಲ್ಲಿಯೋ ವಿಕಿರಣ ಚಿಕಿತ್ಸೆ ಪಡೆದವರು. ನಮ್ಮ ಜನ ಇದನ್ನು ‘ಕರೆಂಟು ಕೊಡಿಸುವುದು’ ಎನ್ನುತ್ತಾರೆ. ಅಲ್ಲಿ ಕೊಡುವುದು ವಿದ್ಯುತ್ತನ್ನಲ್ಲ, ಕಣ್ಣಿಗೆ ಕಾಣದ ಕಿರಣಗಳನ್ನು. ಆದರೂ ಮಾತು ರೂಢಿಗೆ ಬಂದುಬಿಟ್ಟಿದೆ. ಅದನ್ನು ತಿದ್ದುವುದು ಈ ಲೇಖನದ ಉದ್ದೇಶವಲ್ಲ.

ಉದ್ದೇಶ ಬೇರೆಯದು. ಹೊಸದುರ್ಗದ ಕಡೆಯ ತೆಂಗಿನ ತೋಟದ ಮನೆಯೊಂದನ್ನು ಓದುಗರು ಊಹಿಸಿಕೊಳ್ಳಬೇಕು. ಆ ಮನೆಯ ಹಿರಿಯ ಹೆಣ್ಣುಮಗಳಿಗೆ ಕರೆಂಟು ಕೊಡಿಸಿ ಒಂದೂವರೆ ವರ್ಷವಾಗಿದೆ. ವೈದ್ಯರು ಪರೀಕ್ಷಿಸಿ ರೋಗ ಪೂರ್ತಿ ಹೋಗಿದೆ ಎಂದಿದ್ದಾರೆ. ಒಂದು ಬೆಳಿಗ್ಗೆ ಮಲದೊಡನೆ ಕೆಂಪು ರಕ್ತ ಕಾಣುತ್ತದೆ. ನೋವಿಲ್ಲ, ಜ್ವರವಿಲ್ಲ. ಮರುವಾರ ಮತ್ತೆ ಕಾಣುತ್ತದೆ. ಆಕೆ ಗಂಡನಿಗೆ ಹೇಳುವುದಿಲ್ಲ, ಮಗನಿಗಂತೂ ಹೇಳುವ ಮಾತೇ ಇಲ್ಲ. ಬಹಳವಾದರೆ ಸೊಸೆಯ ಕಿವಿಯಲ್ಲಿ ಒಂದು ಮಾತು ಹಾಕಿ, ‘ಯಾರಿಗೂ ಅನಬ್ಯಾಡವ್ವಾ’ ಎನ್ನುತ್ತಾಳೆ. ಹೋದ ರೋಗ ಮರಳಿ ಬಂತೆಂಬ ಭೀತಿ ಒಂದು ಕಡೆ, ಅಂಗದ ವಿಷಯ ಬಾಯಿ ಬಿಟ್ಟು ಹೇಳಲಾಗದ ಸಂಕೋಚ ಇನ್ನೊಂದು ಕಡೆ. ತಿಂಗಳುಗಳು ಕಳೆಯುತ್ತವೆ. ಮುಖ ಬಿಳಿಚಿಕೊಳ್ಳುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಕೊನೆಗೆ ಬಸ್ ನಿಲ್ದಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ‘ಮೂಲವ್ಯಾಧಿಗೆ ಗ್ಯಾರಂಟಿ ಚಿಕಿತ್ಸೆ’ ಎಂಬ ವಿಳಾಸವನ್ನು ಹುಡುಕಿಕೊಂಡು ಹೋಗುವುದೂ ಉಂಟು. ಅಲ್ಲಿಯೇ ನಿಜವಾದ ಅಪಾಯ.

ನಾನು ವೈದ್ಯನಲ್ಲ. ಮಠದಲ್ಲಿ ಸಂಸ್ಕೃತ ಕನ್ನಡಗಳನ್ನು ಓದಿಕೊಂಡು ಬೆಳೆದವನು. ಈ ವಿಷಯದಲ್ಲಿ ನುರಿತವರು ಬರೆದುದನ್ನು ಸಾಧ್ಯವಾದಷ್ಟು ಓದಿ, ತಿಳಿದಷ್ಟನ್ನು ನಮ್ಮ ಮನೆಗಳಿಗೆ ಅರ್ಥವಾಗುವಂತೆ ಇಲ್ಲಿ ನಿರೂಪಿಸಿದ್ದೇನೆ. ಮೊದಲಿಗೇ ಹೇಳಿಬಿಡಬೇಕಾದ ಮಾತು ಇದು: ವಿಕಿರಣ ಚಿಕಿತ್ಸೆಯಾದ ಎಷ್ಟೋ ತಿಂಗಳುಗಳ ಮೇಲೆ ಕಾಣುವ ರಕ್ತ ಬಹಳ ಸಲ ಕ್ಯಾನ್ಸರ್ ಮರಳಿದ್ದರ ಗುರುತಲ್ಲ, ಮೂಲವ್ಯಾಧಿಯೂ ಅಲ್ಲ. ಅದು ಕಿರಣಗಳಿಂದ ನೊಂದ ಕರುಳಿನ ಒಳಗೋಡೆಯಲ್ಲಿ ಹೊಸದಾಗಿ ಹುಟ್ಟಿದ, ಗಟ್ಟಿತನವಿಲ್ಲದ ರಕ್ತನಾಳಗಳಿಂದ ಬಂದದ್ದು. ಅವು ಅಲ್ಲಿ ಏಕೆ ಹುಟ್ಟಿದವು, ಯಾರು ಹುಟ್ಟಿಸಿದರು ಎಂಬುದು ಕಳೆದ ಐವತ್ತು ವರ್ಷಗಳ ವೈದ್ಯವಿಜ್ಞಾನದ ಒಂದು ದೊಡ್ಡ ಕಥೆ.

ಕಿರಣ ಮತ್ತು ಕರುಳು

ಗರ್ಭಕಂಠಕ್ಕೆ ಬೆನ್ನು ಹಚ್ಚಿದಂತೆಯೇ ಗುದನಾಳವಿದೆ. ಮುಂದೆ ಮೂತ್ರಕೋಶ, ಮೇಲೆ ಸಣ್ಣಕರುಳಿನ ಸುರುಳಿಗಳು. ನಡುವಿನ ಗೋಡೆಗಳು ಬಹಳ ತೆಳು. ಹೀಗಿರುವಾಗ ಒಂದನ್ನು ಸುಟ್ಟು ಮತ್ತೊಂದಕ್ಕೆ ಬಿಸಿ ತಾಗದಂತೆ ಮಾಡುವುದು ಎಷ್ಟು ಕಠಿಣವೆಂಬುದನ್ನು ಯಾರೂ ಊಹಿಸಬಹುದು. ವಾರಕ್ಕೆ ಐದು ದಿನದಂತೆ ಐದು ವಾರ, ಸುಮಾರು 25 ಕಂತುಗಳಲ್ಲಿ 45ರಿಂದ 50 ಗ್ರೇ ಪ್ರಮಾಣದ ಕಿರಣವನ್ನು ಹೊರಗಿನಿಂದ ಕೊಡುವುದು ಸಾಮಾನ್ಯ ಪದ್ಧತಿ. ಗ್ರೇ ಎಂಬುದು ಅಂಗಾಂಶವು ಹೀರಿಕೊಂಡ ಕಿರಣದ ಅಳತೆ. ಇದರ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ. ಆಮೇಲೆ ಗರ್ಭಕೋಶದೊಳಗೇ ನಳಿಕೆಯಿಟ್ಟು ಹತ್ತಿರದಿಂದ ಕೊಡುವ ಒಳವಿಕಿರಣ. ಈ ಎಲ್ಲವೂ ಸೇರಿದಾಗಲೇ ರೋಗ ಬೇರುಸಹಿತ ಹೋಗುವುದು. ಆದುದರಿಂದ, ಮುಂದೆ ಕರುಳಿಗೆ ತೊಂದರೆಯಾದೀತೆಂದು ಹೆದರಿ ಕರೆಂಟನ್ನು ನಡುವೆ ಬಿಟ್ಟು ಬರುವುದು ಶುದ್ಧ ಅವಿವೇಕ. ರೋಗ ಪ್ರಾಣ ತೆಗೆಯುತ್ತದೆ. ಕರುಳಿನ ತೊಂದರೆ, ಬಹುಮಟ್ಟಿಗೆ, ಸಂಭಾಳಿಸಬಹುದಾದದ್ದು.

ಕಿರಣಗಳು ಕರುಳನ್ನು ನೋಯಿಸುತ್ತವೆಂಬುದು ಹೊಸ ಸಂಗತಿಯಲ್ಲ. ಜರ್ಮನಿಯ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡು ವರ್ಷ ತುಂಬುವುದರೊಳಗೆ, 1897ರಲ್ಲಿ, ಡೇವಿಡ್ ವಾಲ್ಷ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಕಿರಣಗಳಿಂದ ಕರುಳಿಗಾದ ಬಾಧೆಯನ್ನು ವರದಿ ಮಾಡಿದರು.

ಬಾಧೆ ಎರಡು ಬಗೆ. ಮೊದಲನೆಯದು ಚಿಕಿತ್ಸೆಯ ಎರಡನೆಯ ಮೂರನೆಯ ವಾರದಲ್ಲಿಯೇ ಕಾಣುವ ಭೇದಿ, ಹೊಟ್ಟೆನುಲಿತ. ಕರುಳಿನ ಒಳಪೊರೆಯ ಜೀವಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಹೊಸದಾಗುತ್ತಲೇ ಇರಬೇಕು. ಬೇಗ ಬೇಗ ವಿಭಜಿಸುವ ಕೋಶಗಳನ್ನೇ ಕಿರಣ ಹೆಚ್ಚಾಗಿ ಕೊಲ್ಲುವುದರಿಂದ ಪೊರೆ ಸವೆಯುತ್ತದೆ, ನೀರು ನಿಲ್ಲುವುದಿಲ್ಲ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇದು ಬಹುತೇಕ ತಾನಾಗಿ ಶಮನವಾಗುತ್ತದೆ. ಈ ಕಾಲದ ಆಹಾರದ ಬಗೆಗೆ ಒಂದು ಮಾತು. ನಾರಿನ ಅಂಶವಿರುವ ಪದಾರ್ಥವನ್ನೆಲ್ಲ ಬಿಡಿಸಿ ಬರಿಯ ಗಂಜಿ ಕುಡಿಸುವುದು ಹಳೆಯ ರೂಢಿ. 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ನಾರು ಹೆಚ್ಚಾಗಿ ತಿಂದವರಿಗೇ ಕರುಳಿನ ಬಾಧೆ ಕಡಿಮೆಯಾಗಿ ಕಂಡಿತು. ಎಂದಮೇಲೆ ರಾಗಿಮುದ್ದೆಯನ್ನು ಒಮ್ಮೆಲೇ ಶತ್ರುವೆಂದು ದೂರವಿಡುವ ಮೊದಲು ಆಸ್ಪತ್ರೆಯ ಆಹಾರತಜ್ಞರನ್ನು ಕೇಳುವುದು ಲೇಸು.

ಎರಡನೆಯ ಬಗೆಯೇ ನಮ್ಮ ವಿಷಯ. ಇದು ಸಾಮಾನ್ಯವಾಗಿ ಆರು ತಿಂಗಳ ಮೇಲೆ, ಹೆಚ್ಚಾಗಿ ಎರಡು ಮೂರು ವರ್ಷಗಳೊಳಗೆ ತಲೆದೋರುತ್ತದೆ. ಹತ್ತಿಪ್ಪತ್ತು ವರ್ಷಗಳ ನಂತರ ಕಂಡದ್ದೂ ಉಂಟು. ಹೊಟ್ಟೆಯ ಕೆಳಭಾಗಕ್ಕೆ ವಿಕಿರಣ ಪಡೆದ ನೂರು ಜನರಲ್ಲಿ ಐದರಿಂದ ಇಪ್ಪತ್ತು ಮಂದಿಗೆ ಗುದನಾಳದ ದೀರ್ಘಕಾಲದ ಬಾಧೆ ಬರುತ್ತದೆಂದು ಬೇರೆ ಬೇರೆ ಕಡೆಯ ವರದಿಗಳು ಹೇಳುತ್ತವೆ. ರಕ್ತ ಬೀಳುವುದು, ಮೇಲಿಂದ ಮೇಲೆ ಹೋಗಬೇಕೆನಿಸುವುದು, ತಡೆಯಲಾಗದಿರುವುದು, ಲೋಳೆ ಬೀಳುವುದು ಇದರ ಲಕ್ಷಣಗಳು. ಸಣ್ಣಕರುಳಿಗೆ ಪೆಟ್ಟು ಬಿದ್ದಿದ್ದರೆ ಹೊಟ್ಟೆಯುಬ್ಬರ, ಕರುಳು ಇಕ್ಕಟ್ಟಾಗಿ ಕಟ್ಟಿಕೊಳ್ಳುವುದು, ಬಿ-12 ಜೀವಸತ್ವ ಹೀರಲಾಗದೆ ಸೊರಗುವುದು. ಮೊದಲು ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದವರಿಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಅಪಾಯ ತುಸು ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಮತ್ತೂ ಹೆಚ್ಚು. ಈ ಮಾತು ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ವಿಕಿರಣ ಪಡೆದ ನಮ್ಮ ಗಂಡಸರಿಗೂ ಅನ್ವಯಿಸುತ್ತದೆ. ಅವರ ಕರುಳಿಗೂ ಆಗುವುದು ಇದೇ.

ನಾಲೆಯ ಕೊನೆಯ ಹೊಲ

ಇಷ್ಟು ತಡವಾಗಿ ಏಕೆ? ಉತ್ತರ ರಕ್ತನಾಳಗಳಲ್ಲಿದೆ. ಕರುಳಿನ ಗೋಡೆಯೊಳಗೆ ಕೂದಲಿಗಿಂತ ಸಣ್ಣ ನಾಳಗಳು ಬಲೆಯಂತೆ ಹಬ್ಬಿವೆ. ಇವುಗಳ ಒಳಮೈಯನ್ನು ಒಂದೇ ಪದರದ ಕೋಶಗಳು ಹಾಸುಗಲ್ಲಿನಂತೆ ಮುಚ್ಚಿರುತ್ತವೆ. ಕಿರಣ ತಾಗಿದ ಈ ಕೋಶಗಳು ಆ ಹೊತ್ತಿಗೆ ಎಲ್ಲವೂ ಸಾಯುವುದಿಲ್ಲ. ಊದಿಕೊಳ್ಳುತ್ತವೆ, ಉದುರುತ್ತವೆ, ನಾಳದ ಗೋಡೆ ನಿಧಾನವಾಗಿ ದಪ್ಪವಾಗುತ್ತದೆ, ನಡುವಿನ ದಾರಿ ಕಿರಿದಾಗುತ್ತದೆ. ಇದೇ ಕಾಲಕ್ಕೆ ಟಿ.ಜಿ.ಎಫ್.–ಬೀಟಾ ಎಂಬ ಒಂದು ವೃದ್ಧಿಕಾರಕ ಪ್ರೋಟೀನು ಹೆಚ್ಚಾಗಿ, ನಾರುಗಟ್ಟುವ ಕೋಶಗಳನ್ನು ಪ್ರಚೋದಿಸುತ್ತದೆ. ಮೆತ್ತಗೆ ಹಿಗ್ಗಿ ಕುಗ್ಗಬೇಕಾದ ಕರುಳಿನ ಗೋಡೆ ಹಳೆಯ ಚರ್ಮದಂತೆ ಬಿಗಿಯುತ್ತದೆ. ವರ್ಷ ಕಳೆಯುವಷ್ಟರಲ್ಲಿ ಗೋಡೆಯ ಎಷ್ಟೋ ಭಾಗಕ್ಕೆ ರಕ್ತ ಸಾಲದು, ಪ್ರಾಣವಾಯು ಸಾಲದು.

ಹಿರಿಯೂರಿನವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. 1898ರಿಂದ 1907ರವರೆಗೆ ಮೈಸೂರು ಸರ್ಕಾರ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಎಷ್ಟೇ ಇದ್ದರೂ ನಾಲೆಯಲ್ಲಿ ಹೂಳು ತುಂಬಿದ್ದರೆ ಕೊನೆಯ ಹೊಲಕ್ಕೆ ಹನಿ ತಲುಪದು ಎಂಬುದನ್ನು ಅಲ್ಲಿನ ಒಕ್ಕಲಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಬೆಳೆ ಒಣಗುತ್ತಿರುವ ರೈತ ಕೈಕಟ್ಟಿ ಕೂರುತ್ತಾನೆಯೇ? ರಾತ್ರೋರಾತ್ರಿ ಗುದ್ದಲಿ ಹಿಡಿದು ಸಿಕ್ಕಸಿಕ್ಕ ಕಡೆ ಸಣ್ಣ ಕಾಲುವೆ ಸೀಳುತ್ತಾನೆ. ಅದಕ್ಕೆ ಏರಿ ಇಲ್ಲ, ಕಲ್ಲುಕಟ್ಟಡವಿಲ್ಲ, ಅಂಕುಡೊಂಕು. ನೀರು ಹರಿಯುತ್ತದೇನೋ ಹೌದು. ಆದರೆ ದನ ಕಾಲಿಟ್ಟರೂ ಅದರ ದಂಡೆ ಒಡೆಯುತ್ತದೆ.

ಪ್ರಾಣವಾಯು ಸಾಲದ ಕರುಳು ಮಾಡುವುದೂ ಇದನ್ನೇ. ಕೊರತೆಯನ್ನು ಗುರುತಿಸುವ ಹಿಫ್ ಎಂಬ ಪ್ರೋಟೀನು ಕೋಶಗಳೊಳಗಿದೆ. ಕೋಶಗಳು ಪ್ರಾಣವಾಯುವಿನ ಹೆಚ್ಚುಕಡಿಮೆಯನ್ನು ಅರಿಯುವ ಈ ಬಗೆಯನ್ನು ಬಿಡಿಸಿ ತೋರಿಸಿದ ಕೇಲಿನ್, ರ್ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂತು. ಹಿಫ್ ಎಚ್ಚೆತ್ತಾಗ ಕೋಶವು ವಿ.ಇ.ಜಿ.ಎಫ್. ಎಂಬ ಮತ್ತೊಂದು ಪ್ರೋಟೀನನ್ನು ಸ್ರವಿಸುತ್ತದೆ. ಇದೇ ರಕ್ತನಾಳಗಳ ಪ್ರಧಾನ ವೃದ್ಧಿಕಾರಕ. ಇದರ ಕರೆಗೆ ಓಗೊಟ್ಟು ಪಕ್ಕದ ನಾಳಗಳು ಚಿಗುರೊಡೆಯುತ್ತವೆ. ಆದರೆ ಚಿಗುರು ಬಲಿತು ಗಟ್ಟಿನಾಳವಾಗಬೇಕಾದರೆ ಅದರ ಸುತ್ತ ಆಸರೆಯ ಕೋಶಗಳು ಬಂದು ಅಪ್ಪಿಕೊಳ್ಳಬೇಕು. ಅವನ್ನು ಕರೆಯುವ ವೃದ್ಧಿಕಾರಕಗಳೇ ಬೇರೆ. ನೊಂದ ಕರುಳಿನಲ್ಲಿ ತೋಡುವವನು ಬಂದ, ಕಲ್ಲು ಕಟ್ಟುವವನು ಬರಲಿಲ್ಲ ಎಂಬಂತಾಗುತ್ತದೆ. ಅಗಲವಾಗಿ ಉಬ್ಬಿದ, ತೆಳುಗೋಡೆಯ, ಸೊಟ್ಟ ನಾಳಗಳು ಒಳಪೊರೆಯ ಮೇಲ್ಭಾಗದಲ್ಲಿಯೇ ಜೇಡರಬಲೆಯಂತೆ ಹರಡುತ್ತವೆ. ದೂರದರ್ಶಕದ ನಳಿಕೆ ಇಳಿಸಿ ನೋಡಿದರೆ ಗುದನಾಳದ ಗೋಡೆಯಲ್ಲಿ ಕುಂಕುಮ ಚಿಮುಕಿಸಿದಂತೆ ಕಾಣುವುದು ಇವೇ. ಗಟ್ಟಿಮಲ ಸೋಕಿದರೆ ಸಾಕು, ಒಡೆದು ರಕ್ತ ಬರುತ್ತದೆ.

ಈ ವೃದ್ಧಿಕಾರಕಗಳ ಶೋಧ ನಡೆದದ್ದು ಕರುಳಿಗಾಗಿ ಅಲ್ಲ, ಕ್ಯಾನ್ಸರಿಗಾಗಿ ಎಂಬುದೊಂದು ವಿಚಿತ್ರ. ಗಡ್ಡೆ ಬೆಳೆಯಬೇಕಾದರೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಅವನ್ನು ತಡೆದರೆ ಗಡ್ಡೆ ಸಾಯಬೇಕು ಎಂದು ಅಮೆರಿಕದ ಬೋಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದರು. ಬಹುಕಾಲ ಅವರ ಮಾತನ್ನು ಕೇಳಿದವರು ಕಡಿಮೆ. 1983ರಲ್ಲಿ ಹೆರಾಲ್ಡ್ ಡ್ವೋರಾಕ್ ಅವರ ಪ್ರಯೋಗಾಲಯವು ನಾಳಗಳಿಂದ ದ್ರವ ಸೋರುವಂತೆ ಮಾಡುವ ಒಂದು ಪ್ರೋಟೀನನ್ನು ಗುರುತಿಸಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ನಾಳಗಳನ್ನು ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿದರು. ಎರಡೂ ಒಂದೇ ವಸ್ತುವೆಂದು ತಿಳಿದುಬಂತು. ಬೆಳೆಸುವುದೂ ಸೋರಿಸುವುದೂ ಒಂದೇ ಕೈ ಎಂದರೆ ಅದು ಕಟ್ಟಿದ ನಾಳಗಳ ಸ್ವಭಾವ ಎಂಥದಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಇದನ್ನು ತಡೆಯುವ ಬೆವಾಸಿಜುಮಾಬ್ ಎಂಬ ಚುಚ್ಚುಮದ್ದಿಗೆ 2004ರಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು, ಅದೂ ದೊಡ್ಡಕರುಳಿನ ಕ್ಯಾನ್ಸರಿಗೆ.

ಹಾಗಿದ್ದರೆ ಕಿರಣದಿಂದ ನೊಂದ ಕರುಳಿಗೂ ಅದನ್ನೇ ಕೊಟ್ಟು ಕೆಟ್ಟ ನಾಳಗಳನ್ನು ಒಣಗಿಸಬಾರದೇಕೆ? ಯಾರಿಗಾದರೂ ಹೊಳೆಯುವ ಪ್ರಶ್ನೆ. ಇದಕ್ಕೆ ಎಚ್ಚರಿಕೆಯ ಉತ್ತರ ಬಂದದ್ದು ಗರ್ಭಕಂಠದ ಕ್ಯಾನ್ಸರಿನ ರೋಗಿಗಳಿಂದಲೇ. ರೋಗ ಮರುಕಳಿಸಿದ ಅಥವಾ ಹರಡಿದ ಮಹಿಳೆಯರಿಗೆ ಈ ಔಷಧಿಯನ್ನು ಕೊಟ್ಟು ನಡೆಸಿದ, 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಆಯುಸ್ಸು ಸರಾಸರಿ 13 ತಿಂಗಳಿನಿಂದ 17 ತಿಂಗಳಿಗೆ ಏರಿತು. ಅದು ಲಾಭವೇ. ಆದರೆ ಔಷಧಿ ಪಡೆದ ನೂರರಲ್ಲಿ ಸುಮಾರು ಎಂಟು ಮಂದಿಗೆ ಕರುಳಿಗೂ ಯೋನಿಗೂ ನಡುವೆ ರಂಧ್ರ ಬಿದ್ದು ಮಲ ದಾರಿ ತಪ್ಪಿ ಬರುವ ದಾರುಣ ಸ್ಥಿತಿ ಉಂಟಾಯಿತು. ಪಡೆಯದವರಲ್ಲಿ ಇದು ನೂರಕ್ಕೆ ಒಂದೂ ಇರಲಿಲ್ಲ. ಹಾಗಾದವರೆಲ್ಲರೂ ಹಿಂದೆ ಅದೇ ಭಾಗಕ್ಕೆ ವಿಕಿರಣ ಪಡೆದವರೇ ಆಗಿದ್ದರು. ಒಡಕು ಕಾಲುವೆಯೇ ಇರಲಿ, ಆ ಹೊಲ ಬದುಕಿರುವುದು ಅದರ ನೀರಿನಿಂದ. ಅದನ್ನೂ ಮುಚ್ಚಿದರೆ ಉಳಿಯುವುದೇನು?

ಈ ಒಂದು ಸಂಗತಿಯನ್ನು ಮನೆಯವರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ವಿಕಿರಣ ಪಡೆದ ಗುದನಾಳದಲ್ಲಿ ಗಾಯ ಮಾಯುವ ಶಕ್ತಿ ಕಡಿಮೆ. ಅಲ್ಲಿ ಮೂಲವ್ಯಾಧಿಯೆಂದು ತಿಳಿದು ಚುಚ್ಚುವುದು, ಸುಡುವುದು, ಕ್ಷಾರ ಹಚ್ಚುವುದು, ದಾರ ಕಟ್ಟುವುದು ಮಾಡಿದರೆ ಆ ಗಾಯ ಕೂಡಿಕೊಳ್ಳದೆ ಕೊನೆಗೆ ರಂಧ್ರವೇ ಆಗಬಹುದು. ಪರೀಕ್ಷೆಗಾಗಿ ಚೂರು ಕತ್ತರಿಸುವುದನ್ನು ಕೂಡ, ವಿಶೇಷವಾಗಿ ಗುದನಾಳದ ಮುಂದಿನ ಗೋಡೆಯಿಂದ, ಬಲ್ಲ ವೈದ್ಯರು ಅನಿವಾರ್ಯವಾದ ಹೊರತು ಮಾಡುವುದಿಲ್ಲ. ಆಯುರ್ವೇದವನ್ನು ಕ್ರಮವಾಗಿ ಕಲಿತ ವೈದ್ಯರನ್ನು ಕುರಿತು ನಾನು ಈ ಮಾತು ಹೇಳುತ್ತಿಲ್ಲ. ಅವರೂ ಹಿಂದಿನ ಚಿಕಿತ್ಸೆ ಯಾವುದೆಂದು ಕೇಳಿಯೇ ಕೈ ಹಾಕುವವರು. ಕೇಳದೆ ಕೈಹಾಕುವ ಗೋಡೆಬರಹದ ಪಂಡಿತರ ವಿಷಯದಲ್ಲಿಯೇ ಎಚ್ಚರ ಬೇಕಾದದ್ದು.

ಚಿಕಿತ್ಸೆಯ ಎರಡು ದಾರಿ

ಅಲ್ಪಸ್ವಲ್ಪ ರಕ್ತ, ಅದೂ ಅಪರೂಪಕ್ಕೆ, ಕಾಣುತ್ತಿದ್ದು ಮೈಯಲ್ಲಿ ರಕ್ತ ಕಡಿಮೆಯಾಗಿಲ್ಲದಿದ್ದರೆ ಏನೂ ಮಾಡದೆ ಕಾದು ನೋಡುವುದೂ ಒಂದು ಚಿಕಿತ್ಸೆ. ಎಷ್ಟೋ ಜನರಲ್ಲಿ ವರ್ಷಗಳು ಕಳೆದಂತೆ ತಾನಾಗಿ ಕಡಿಮೆಯಾಗುತ್ತದೆ. ಮಲ ಗಟ್ಟಿಯಾಗದಂತೆ ನೋಡಿಕೊಂಡರೆ ಸಾಕು. ಈ ಸಮಾಧಾನದ ಮಾತನ್ನು ವೈದ್ಯರ ಬಾಯಿಂದ ಕೇಳಿಸಿಕೊಳ್ಳುವುದಕ್ಕಾದರೂ ಅವರ ಬಳಿ ಹೋಗಲೇಬೇಕು. ಮನೆಯಲ್ಲಿ ಕುಳಿತು ತಾವೇ ತೀರ್ಮಾನಿಸುವಂತಿಲ್ಲ. ಏಕೆಂದರೆ ರಕ್ತಕ್ಕೆ ಬೇರೆ ಕಾರಣವಿರುವುದೂ, ಕೆಲವೊಮ್ಮೆ ಕ್ಯಾನ್ಸರೇ ಇರುವುದೂ ಸಾಧ್ಯ. ನಳಿಕೆ ಇಳಿಸಿ ನೋಡಿದಾಗಲೇ ಅದು ಗೊತ್ತಾಗುವುದು.

ಚಿಕಿತ್ಸೆ ಬೇಕಾದಾಗ ಇರುವ ಒಂದು ದಾರಿಗೆ ನಮ್ಮ ದೇಶದ ಕೊಡುಗೆ ದೊಡ್ಡದು. ಹೊಟ್ಟೆಹುಣ್ಣಿಗೆ ಕುಡಿಯುವ ಸುಕ್ರಾಲ್ಫೇಟ್ ಎಂಬ ಬಿಳಿಯ ಔಷಧಿಯನ್ನು ಅನೇಕರು ಕಂಡಿರಬಹುದು. ಅದನ್ನೇ ನೀರಿನಲ್ಲಿ ಕಲಸಿ ಎನಿಮಾದ ರೂಪದಲ್ಲಿ ಗುದನಾಳಕ್ಕೆ ಕೊಟ್ಟರೆ ರಕ್ತಸ್ರಾವ ತಗ್ಗುತ್ತದೆಂದು ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯ ಡಾ. ರಾಕೇಶ್ ಕೊಚ್ಚರ್ ಮತ್ತು ಸಂಗಡಿಗರು ಪ್ರಯೋಗ ನಡೆಸಿ 1991ರಲ್ಲಿ ಪ್ರಕಟಿಸಿದರು. ಇತರ ಔಷಧಿಗಳೊಡನೆ ಹೋಲಿಸಿ ಇದೇ ಮೇಲೆಂದು ಅವರು ತೋರಿಸಿದರು. ಬೆಲೆಯೂ ಕಡಿಮೆ. ಅದೇ 1991ರಲ್ಲಿ ಫೋಕ್‌ಮನ್ ಅವರ ಬಳಗವು ಈ ಔಷಧಿ ಹುಣ್ಣನ್ನು ಮಾಯಿಸುವ ಗುಟ್ಟನ್ನು ಹುಡುಕುತ್ತ, ಅದು ಫೈಬ್ರೊಬ್ಲಾಸ್ಟ್ ವೃದ್ಧಿಕಾರಕ ಎಂಬ ನಾಳಪೋಷಕ ಪ್ರೋಟೀನನ್ನು ಅಂಟಿಸಿಕೊಂಡು, ಜಠರದ ಆಮ್ಲ ಅದನ್ನು ಹಾಳುಮಾಡದಂತೆ ಕಾಪಾಡುತ್ತದೆಂದು ತೋರಿಸಿತು. ಸಮುದ್ರದ ಆಚೆ ಈಚೆ ನಡೆದ ಎರಡು ಕೆಲಸಗಳು ಒಂದೇ ವರ್ಷ ಬೆಳಕು ಕಂಡದ್ದು ಆಕಸ್ಮಿಕವಾದರೂ ಮನಸ್ಸಿಗೆ ಹಿತವಾಗುತ್ತದೆ. ಆದರೆ ವಿಕಿರಣ ನಡೆಯುತ್ತಿರುವಾಗ ಭೇದಿ ತಡೆಯಲೆಂದು ಇದೇ ಔಷಧಿಯನ್ನು ಬಾಯಿಂದ ಕುಡಿದರೆ ಪ್ರಯೋಜನವಿಲ್ಲವೆಂದು ಮುಂದಿನ ಅಧ್ಯಯನಗಳು ಹೇಳಿವೆ. ಆದ್ದರಿಂದ ಲೇಖನ ಓದಿ ಅಂಗಡಿಗೆ ಓಡುವುದು ಬೇಡ.

ರಕ್ತ ಹೆಚ್ಚಾಗಿ ಹೋಗುತ್ತಿದ್ದರೆ ಕೆಟ್ಟ ನಾಳಗಳನ್ನಷ್ಟೇ ಮೇಲ್ಮೈಯಲ್ಲಿ ಮುಚ್ಚುವ ಕ್ರಮಗಳಿವೆ. ಒಂದು, ನಳಿಕೆಯ ಮೂಲಕ ಆರ್ಗಾನ್ ಅನಿಲ ಹಾಯಿಸಿ ಕಿಡಿಯಿಂದ ತುಸುವೇ ಸುಡುವುದು. ಇನ್ನೊಂದು, ಶವಗಳನ್ನು ಕೆಡದಂತೆ ಇಡಲು ಬಳಸುವ ಫಾರ್ಮಲಿನ್ನನ್ನೇ ನೂರಕ್ಕೆ ನಾಲ್ಕು ಪಾಲಿನಷ್ಟು ತಿಳಿಮಾಡಿ ಹಚ್ಚುವುದು. ಕೇಳಲು ಭಯವಾದರೂ ಪಳಗಿದ ಕೈಯಲ್ಲಿ ಗುಣ ಕೊಡುವ ವಿಧಾನ. ಮೊದಲು ‘ಸುಡಬಾರದು’ ಎಂದು ಹೇಳಿ ಈಗ ‘ಸುಡುತ್ತಾರೆ’ ಎನ್ನುತ್ತಿದ್ದೇನಲ್ಲ ಎಂದು ಓದುಗರು ಕೇಳಬಹುದು. ವ್ಯತ್ಯಾಸ ಆಳದಲ್ಲಿದೆ. ಇದು ಪೊರೆಯ ಮೇಲಣ ಒಂದೆರಡು ಮಿಲಿಮೀಟರಿನ ಕೆಲಸ, ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ಕಣ್ಣಾರೆ ನೋಡುತ್ತ ಮಾಡುವ ಕೆಲಸ.

ಎರಡನೆಯ ದಾರಿ ಇದಕ್ಕೆ ಸಂಪೂರ್ಣ ವಿರುದ್ಧ. ಕೆಟ್ಟ ನಾಳಗಳನ್ನು ಮುಚ್ಚುವ ಬದಲು ಒಳ್ಳೆಯ ನಾಳಗಳನ್ನು ಬೆಳೆಸುವುದು. ರೋಗಿಯನ್ನು ಗಟ್ಟಿಯಾಗಿ ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಸಾಧಾರಣಕ್ಕಿಂತ ಎರಡರಷ್ಟು ಅಥವಾ ಅದಕ್ಕೂ ತುಸು ಹೆಚ್ಚಿನ ಒತ್ತಡದಲ್ಲಿ ಶುದ್ಧ ಪ್ರಾಣವಾಯು ಉಸಿರಾಡಿಸುತ್ತಾರೆ. ದಿನಕ್ಕೆ ಸುಮಾರು ಒಂದೂವರೆ ಗಂಟೆಯಂತೆ ಮೂವತ್ತು ನಲವತ್ತು ದಿನ. ಇದರಿಂದ ಅಂಗಾಂಶದಲ್ಲಿ ವೃದ್ಧಿಕಾರಕಗಳು ಜಾಗೃತವಾಗಿ ಕ್ರಮಬದ್ಧವಾದ ಹೊಸನಾಳಗಳು ಬೆಳೆಯುತ್ತವೆಂಬುದು ತತ್ತ್ವ. 2008ರಲ್ಲಿ ಪ್ರಕಟವಾದ, 120 ರೋಗಿಗಳ ಅಧ್ಯಯನವೊಂದು ಗುದನಾಳದ ಹಟಮಾರಿ ಬಾಧೆಗೆ ಇದು ಹಿತವೆಂದಿತು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಮತ್ತೊಂದು ಅಧ್ಯಯನ, ಕರುಳಿನ ದೀರ್ಘಕಾಲದ ತೊಂದರೆಗಳಿಗೆ ಇದರಿಂದ ವಿಶೇಷ ಲಾಭ ಕಾಣಲಿಲ್ಲವೆಂದಿತು. ಇಬ್ಬರೂ ಪ್ರಾಮಾಣಿಕರೇ, ಪ್ರಶ್ನೆಯೇ ಇನ್ನೂ ತೀರ್ಮಾನವಾಗಿಲ್ಲ. ಸೌಲಭ್ಯವಿರುವುದು ಬೆಂಗಳೂರಿನಂಥ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ, ಖರ್ಚೂ ಕಡಿಮೆಯಲ್ಲ. ಸಾಲ ಮಾಡಿ ಹೊರಡುವ ಮೊದಲು ಚಿಕಿತ್ಸೆ ಕೊಟ್ಟ ವೈದ್ಯರನ್ನು ವಿಚಾರಿಸಲಿ ಎಂಬುದು ನನ್ನ ಅಭಿಪ್ರಾಯ.

ಕಿರಣ ಕೊಡುವ ಮೊದಲೇ ವೃದ್ಧಿಕಾರಕ ಕೊಟ್ಟು ನಾಳಗಳನ್ನು ಕಾಪಾಡಬಹುದೇ ಎಂದು ಕೇಳಿದವರೂ ಇದ್ದಾರೆ. 2001ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಇಲಿಗಳಲ್ಲಿ ಹೀಗೆ ಮಾಡಿ ಕರುಳನ್ನು ಉಳಿಸಿದರು. ಬೇರೆ ಪ್ರಯೋಗಾಲಯದವರು ಅವರ ವಿವರಣೆಯನ್ನು ಪೂರ್ತಿ ಒಪ್ಪಲಿಲ್ಲ. ಮನುಷ್ಯರ ವಿಷಯದಲ್ಲಿ ಇನ್ನೊಂದು ಭಯವೂ ಉಂಟು: ಕರುಳಿನ ನಾಳವನ್ನು ಪೋಷಿಸುವ ವಸ್ತು ಪಕ್ಕದ ಗಡ್ಡೆಯ ನಾಳವನ್ನೂ ಪೋಷಿಸಿದರೆ?

ಈ ಮಧ್ಯೆ ನಿಶ್ಚಿತವಾದ ಫಲ ಬಂದಿರುವುದು ಯಂತ್ರಗಳ ಸುಧಾರಣೆಯಿಂದ. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ತೀವ್ರತೆಯನ್ನು ಹೆಚ್ಚುಕಡಿಮೆ ಮಾಡಿ, ದಿನದಿನವೂ ಚಿತ್ರ ತೆಗೆದು ನೋಡಿ ಗುರಿಯಿಡುವ ಪದ್ಧತಿ ಈಗ ಬಂದಿದೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಡಾ. ಸುಪ್ರಿಯಾ ಚೋಪ್ರಾ ಮತ್ತು ಸಂಗಡಿಗರು, ಗರ್ಭಕಂಠದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ವಿಕಿರಣ ಬೇಕಾದ 300 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಹಿಂದಿನ ಪದ್ಧತಿಯಲ್ಲಿ ಮೂರು ವರ್ಷಗಳೊಳಗೆ ಕರುಳಿನ ಗಣನೀಯ ಬಾಧೆ ನೂರರಲ್ಲಿ 42 ಮಂದಿಗೆ ಬಂದಿದ್ದರೆ, ಹೊಸ ಪದ್ಧತಿಯಲ್ಲಿ 21 ಮಂದಿಗೆ ಬಂತು. ಅರ್ಧಕ್ಕರ್ಧ ಇಳಿಕೆ. ನಮ್ಮ ಹೆಣ್ಣುಮಕ್ಕಳ ಮೇಲೆಯೇ ನಡೆದ ಅಧ್ಯಯನವಾದ್ದರಿಂದ ಇದರ ಬೆಲೆ ಹೆಚ್ಚು. ಇನ್ನು ಮುಂದೆ ಚಿಕಿತ್ಸೆಗೆ ಹೋಗುವವರು ‘ಕರುಳು ಉಳಿಸುವ ಹೊಸ ಯಂತ್ರದಲ್ಲಿ ಕೊಡಲು ಸಾಧ್ಯವೇ’ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮನೆಯವರು ತಿಳಿದಿರಬೇಕಾದದ್ದು

ಚಿಕಿತ್ಸೆ ಮುಗಿದು ಮನೆಗೆ ಬರುವಾಗ ಆಸ್ಪತ್ರೆಯವರು ಕೊಡುವ ಸಾರಾಂಶದ ಹಾಳೆಯಲ್ಲಿ ಎಷ್ಟು ಗ್ರೇ, ಎಷ್ಟು ಕಂತು, ಒಳವಿಕಿರಣ ಎಷ್ಟು ಬಾರಿ, ಯಾವ ತಿಂಗಳು ಮುಗಿಯಿತು ಎಂಬ ವಿವರವಿರುತ್ತದೆ. ಆ ಹಾಳೆಯನ್ನು ರೇಷನ್ ಕಾರ್ಡು, ಪಹಣಿಗಳಂತೆಯೇ ಜೋಪಾನವಾಗಿಡಬೇಕು. ಹತ್ತು ವರ್ಷ ಕಳೆದ ಮೇಲೂ ಅದು ಬೇಕಾಗಬಹುದು. ಎರಡು ನಕಲು ಮಾಡಿಸಿ ಒಂದನ್ನು ಮಗಳ ಮನೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಮುಂದೆ ಯಾವ ಕಾರಣಕ್ಕೆ ಯಾವ ವೈದ್ಯರ ಬಳಿ ಹೋದರೂ, ಹಲ್ಲುನೋವಿಗೆ ಹೋದರೂ ಸರಿ, ‘ನನಗೆ ಕೆಳಹೊಟ್ಟೆಗೆ ಕರೆಂಟು ಕೊಟ್ಟಿದ್ದಾರೆ’ ಎಂಬ ಮಾತು ಮೊದಲು ಬರಬೇಕು. ಮಲದಲ್ಲಿ ರಕ್ತ ಎಂದಷ್ಟೇ ಹೇಳಿ ಈ ಮಾತನ್ನು ನುಂಗಿದರೆ ಎಂಥ ಬುದ್ಧಿವಂತ ವೈದ್ಯನೂ ದಾರಿ ತಪ್ಪಬಹುದು.

ಇದು ಹಿಂದಿನ ಜನ್ಮದ ಪಾಪವೆಂದೋ, ಆಕೆಯ ನಡತೆಯ ಫಲವೆಂದೋ ಪಿಸುಗುಟ್ಟುವ ನಾಲಗೆಗಳು ಊರಲ್ಲಿ ಇಲ್ಲದಿಲ್ಲ. ಕಿರಣ ತಾಗಿದ ಚರ್ಮ ಕಪ್ಪಾದರೆ ಯಾರೂ ಪಾಪವೆನ್ನುವುದಿಲ್ಲ. ಅದೇ ಕಿರಣ ತಾಗಿದ ಕರುಳು ಕೆಂಪಾದರೆ ಏಕೆ ಎನ್ನಬೇಕು? ಅತ್ತೆಯ ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳಲು ಸೊಸೆಯೊಬ್ಬಳು ತಯಾರಿದ್ದರೆ ಅರ್ಧ ಕೆಲಸ ಆದಂತೆ. ತಿಂಗಳಿಗೊಮ್ಮೆ ಆಕೆಯೇ ಮೆಲ್ಲನೆ, ‘ಅತ್ತೀ, ಹೊರಕಡೆಗೆ ಸರಿಯಾಗಿ ಆಗತೈತಾ, ರಕ್ತ ಏನಾದ್ರೂ ಕಾಣತೈತಾ’ ಎಂದು ಕೇಳಬಹುದು.

ರಕ್ತ ಕಂಡರೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಆ ಚೀಟಿಯನ್ನೂ ಹಳೆಯ ಹಾಳೆಯನ್ನೂ ಹಿಡಿದು, ವಿಕಿರಣ ಕೊಟ್ಟ ಆಸ್ಪತ್ರೆಗೇ ಹೋಗುವುದು ಉತ್ತಮ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂಥ ಕಡೆ ಹಳೆಯ ರೋಗಿಗಳ ಮರುತಪಾಸಣೆ ನಿತ್ಯದ ಕೆಲಸ. ಹೊಸ ಚೀಟಿಯ ಸಾಲಿನಲ್ಲಿ ನಿಲ್ಲುವ ಮೊದಲು ಹಳೆಯ ನೋಂದಣಿ ಸಂಖ್ಯೆಯನ್ನು ತೋರಿಸಬೇಕು. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವೂ ಬೇಕಾಗಿಲ್ಲ. ತಡೆಯಲಾಗದೆ ಮೇಲಿಂದ ಮೇಲೆ ಹೋಗಬೇಕಾದವರು ನಸುಕಿನಲ್ಲಿ ಹೊರಡುವ, ಹಿರಿಯೂರು, ತುಮಕೂರುಗಳಲ್ಲಿ ನಿಲ್ಲುವ ಬಸ್ಸನ್ನೇ ಆರಿಸಿಕೊಂಡು, ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಂಡು, ಸೊಸೆಯನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಬೇಕು.